‘ಕ್ವಾಂಟಮ್ ಆಫ್ ಸೊಲೇಸ್’ ಅಷ್ಟು ಕೆಟ್ಟ ಸಿನಿಮಾನಾ? ಬೆಂಗಳೂರಿನಲ್ಲಿ ಕೂತು ಮತ್ತೆ ನೋಡಿದಾಗ

[ಪರದೆ ಕಪ್ಪು. ಲಾರಿ ರಿವರ್ಸ್ ಬರುವ ಸದ್ದು. ಆಮೇಲೆ ಸಂಪಿನೊಳಗೆ ನೀರು ಬೀಳುವ ಸದ್ದು.]

ಈ ಸದ್ದು ಏನು ಅಂತ ಬೆಂಗಳೂರಿನವರಿಗೆ ಹೇಳಬೇಕಾಗಿಲ್ಲ. 2024ರ ಮಾರ್ಚ್. ಹೊರಮಾವಿನ ನಮ್ಮ ಬಿಲ್ಡಿಂಗ್‌ನ ಬೋರ್‌ವೆಲ್ ಕೈಕೊಟ್ಟು ಹತ್ತು ದಿನ ಆಗಿತ್ತು. ಟ್ಯಾಂಕರ್ ಬರುತ್ತಿದ್ದದ್ದು ರಾತ್ರಿ ಎರಡು ಗಂಟೆಗೆ. ಅಮ್ಮ ಟಾರ್ಚ್ ಹಿಡಿದು ಕೆಳಗಿಳಿಯುತ್ತಿದ್ದರು. ಸಂಪಿನ ಮುಚ್ಚಳ ಸರಿಸಿ, ಒಂದು ಉದ್ದ ಕೋಲು ಇಳಿಸಿ, ಒದ್ದೆ ಎಲ್ಲಿಯವರೆಗೆ ಬಂತು ಅಂತ ನೋಡುತ್ತಿದ್ದರು. ಕೋಲಿನ ಮೇಲೆ ನೇಲ್ ಪಾಲಿಶ್‌ನಿಂದ ಎಳೆದ ಒಂದು ಕೆಂಪು ಗೆರೆ. ನೀರು ಆ ಗೆರೆ ಮುಟ್ಟಿದರೆ ಮಾತ್ರ ಡ್ರೈವರ್ ಕೈಗೆ ದುಡ್ಡು.

ಅದೇ ತಿಂಗಳ ಒಂದು ಭಾನುವಾರ, ಅದೇ ಮನೆಯಲ್ಲಿ, ನಾವು ಐದು ಜನ ಕೂತು ಒಂದು ಬಾಂಡ್ ಸಿನಿಮಾ ನೋಡಿದೆವು. ತೊಳೆಯಲು ನೀರಿಲ್ಲ ಅಂತ ಪೇಪರ್ ಕಪ್‌ನಲ್ಲಿ ಕಾಫಿ, ಪೇಪರ್ ಪ್ಲೇಟ್‌ನಲ್ಲಿ ಚಿತ್ರಾನ್ನ. ಸಿನಿಮಾ ಮುಗಿದ ಮೇಲೆ ಶುರುವಾದ ವಾದ ರಾತ್ರಿ ಹತ್ತರವರೆಗೂ ನಿಲ್ಲಲಿಲ್ಲ. ಇವತ್ತಿಗೂ ಮುಗಿದಿಲ್ಲ. ಈ ವಿಡಿಯೋ ಆ ವಾದದ ಬಗ್ಗೆ.

[ಟೈಟಲ್ ಕಾರ್ಡ್]

ನಮಸ್ಕಾರ. ಸಿನಿಮಾ ಹೆಸರು ‘ಕ್ವಾಂಟಮ್ ಆಫ್ ಸೊಲೇಸ್’. 2008ರದ್ದು. ಡೇನಿಯಲ್ ಕ್ರೇಗ್ ಬಾಂಡ್ ಆಗಿ ಮಾಡಿದ ಎರಡನೇ ಸಿನಿಮಾ. ಕಥೆ ಪೂರ್ತಿ ಹೇಳಿಬಿಡುತ್ತೇನೆ. ಹಾಗಾಗಿ ನೋಡದೆ ಇದ್ದವರು ಒಂದು ಸಲ ನೋಡಿ ಬನ್ನಿ. ಜಾಸ್ತಿ ಹೊತ್ತು ಬೇಡ, 106 ನಿಮಿಷ ಅಷ್ಟೇ. ಈವರೆಗಿನ ಬಾಂಡ್ ಸರಣಿಯಲ್ಲಿ ಎಲ್ಲಕ್ಕಿಂತ ಚಿಕ್ಕದು ಇದೇ.

ಬಾಂಡ್ ಅಭಿಮಾನಿಗಳ ನಡುವೆ ಈ ಸಿನಿಮಾ ಹೆಸರು ಎತ್ತಿದರೆ ಸಾಕು, ಜಗಳ ಗ್ಯಾರಂಟಿ. ಬೈಯುವವರು ಮೂರು ಮಾತು ಹೇಳುತ್ತಾರೆ. ಫೈಟ್‌ನಲ್ಲಿ ಏನು ನಡೀತಿದೆ ಅಂತಲೇ ಗೊತ್ತಾಗಲ್ಲ. ಕಥೆ ಅರ್ಧಂಬರ್ಧ. ವಿಲನ್ ಸಪ್ಪೆ. ಮೊದಲನೇ ಮಾತನ್ನು ನಾನು ಒಪ್ಪುತ್ತೇನೆ. ಎರಡನೇದನ್ನು ಅರ್ಧ ಒಪ್ಪುತ್ತೇನೆ. ಮೂರನೇದನ್ನು ಒಪ್ಪುವುದೇ ಇಲ್ಲ.

[ಕ್ಲಿಪ್ ಬದಲು ಸ್ಟಿಲ್‌ಗಳು: ಸುರಂಗ, ಕಪ್ಪು ಕಾರುಗಳು]

ಮೊದಲು ಫೈಟ್. ಸಿನಿಮಾ ಶುರುವಾಗುವುದೇ ಕಾರ್ ಚೇಸ್‌ನಿಂದ. ಇಟಲಿಯ ಗಾರ್ಡಾ ಸರೋವರದ ಪಕ್ಕದ ರಸ್ತೆ. ಬಾಂಡ್‌ನದ್ದು ಆಸ್ಟನ್ ಮಾರ್ಟಿನ್ ಡಿಬಿಎಸ್, ಹಿಂದೆ ಬಿದ್ದವರದ್ದು ಆಲ್ಫಾ ರೋಮಿಯೋ. ನಮ್ಮ ಗುಂಪಿನಲ್ಲಿ ಒಬ್ಬ ಎಡಿಟರ್ ಇದ್ದಾನೆ, ಧಾರಾವಾಹಿಗಳಿಗೆ ಕೆಲಸ ಮಾಡುತ್ತಾನೆ. ಅವನು ರಿಮೋಟ್ ಕಿತ್ತುಕೊಂಡು ಈ ಚೇಸನ್ನು ಒಂದೊಂದೇ ಫ್ರೇಮ್ ಓಡಿಸಿ ತೋರಿಸಿದ. “ಬಾಂಡ್ ಕಾರು ಗಾಢ ಬೂದು. ಶತ್ರು ಕಾರು ಕಪ್ಪು. ಸುರಂಗದ ಒಳಗೆ ಎರಡೂ ಒಂದೇ ಬಣ್ಣ. ಅದರ ಮೇಲೆ ಒಂದು ಶಾಟ್ ಒಂದು ಸೆಕೆಂಡ್ ಕೂಡ ನಿಲ್ಲಲ್ಲ. ನೋಡುವವನ ಕಣ್ಣು ಯಾವ ಕಾರಿನ ಹಿಂದೆ ಹೋಗಬೇಕು?” ಅಂತ ಕೇಳಿದ. ಉತ್ತರ ಯಾರ ಹತ್ತಿರವೂ ಇರಲಿಲ್ಲ. ಕೊನೆಗೆ ಬಾಂಡ್ ಕಾರಿನ ಬಾಗಿಲು ಕಿತ್ತು ಹೋಗುತ್ತದೆ. ಬಾಗಿಲಿಲ್ಲದ್ದು ಯಾವುದೋ ಅದೇ ಹೀರೋ ಕಾರು ಅಂತ ಆಮೇಲೆ ಗುರುತು ಹಿಡಿಯಬಹುದು. ಅಲ್ಲಿಯವರೆಗೆ ಊಹೆ ಮಾಡುತ್ತಾ ಕೂರಬೇಕು.

ಇದಕ್ಕೆ ಕಾರಣ ಇದೆ. ಆ ಹೊತ್ತಿಗೆ ಬಾರ್ನ್ ಸಿನಿಮಾಗಳು ಸ್ಪೈ ಸಿನಿಮಾದ ನಡಿಗೆಯನ್ನೇ ಬದಲಾಯಿಸಿದ್ದವು. ಕ್ಯಾಮೆರಾ ಅಲುಗಾಡಬೇಕು, ಕಟ್ ಪಟಪಟ ಬೀಳಬೇಕು. ಬಾರ್ನ್ ಸಿನಿಮಾಗಳಲ್ಲಿ ಸೆಕೆಂಡ್ ಯೂನಿಟ್ ನಿರ್ದೇಶಕರಾಗಿದ್ದ, ಅಂದರೆ ಆಕ್ಷನ್ ದೃಶ್ಯಗಳನ್ನು ನೋಡಿಕೊಳ್ಳುತ್ತಿದ್ದ ಡ್ಯಾನ್ ಬ್ರಾಡ್ಲಿ ಅವರನ್ನೇ ಇಲ್ಲಿಗೂ ಕರೆತಂದರು. ನಿರ್ದೇಶಕ ಮಾರ್ಕ್ ಫಾರ್ಸ್ಟರ್ ಮನುಷ್ಯರ ಒಳಗಿನ ನೋವಿನ ಕಥೆಗಳನ್ನು ಚೆನ್ನಾಗಿ ಹೇಳುವವರು, ಈ ಗಾತ್ರದ ಆಕ್ಷನ್ ಸಿನಿಮಾ ಅವರಿಗೆ ಹೊಸದು. ಆದರೂ ಅವರ ತಲೆಯಲ್ಲಿ ಒಂದು ಒಳ್ಳೇ ಲೆಕ್ಕಾಚಾರ ಇತ್ತು. ದೊಡ್ಡ ಆಕ್ಷನ್ ದೃಶ್ಯಗಳನ್ನು ಭೂಮಿ, ನೀರು, ಗಾಳಿ, ಬೆಂಕಿ ಅಂತ ಹಂಚಿದ್ದರು. ಹೈಟಿಯಲ್ಲಿ ದೋಣಿ, ಬೊಲಿವಿಯಾದ ಮೇಲೆ ಹಳೇ ವಿಮಾನ, ಕೊನೆಗೆ ಉರಿಯುವ ಹೋಟೆಲು. ಪಂಚಭೂತ ಎಣಿಸಿ ಬೆಳೆದ ನಮಗೆ ಇದು ಥಟ್ಟನೆ ಹಿಡಿಸುತ್ತದೆ. ಆದರೆ ಕಾಗದದ ಮೇಲೆ ಇಷ್ಟು ಚಂದ ಇದ್ದದ್ದು ಕಟಿಂಗ್‌ನಲ್ಲಿ ಚೂರುಚೂರಾಯಿತು. ಸಿಯೆನಾ ಊರಿನ ಕುದುರೆ ಓಟವನ್ನೂ ಬಾಂಡ್‌ನ ಓಟವನ್ನೂ ಒಟ್ಟಿಗೆ ಹೆಣೆದಿದ್ದಾರಲ್ಲ, ಅದರಲ್ಲಿ ಎರಡನ್ನೂ ನೆಮ್ಮದಿಯಾಗಿ ನೋಡಲು ಆಗುವುದಿಲ್ಲ. ಈ ವಿಷಯದಲ್ಲಿ ಎಡಿಟರ್ ಗೆಳೆಯನ ಪರ ನಾನೂ ಇದ್ದೇನೆ.

ಇನ್ನು ಕಥೆ ಅರ್ಧಂಬರ್ಧ ಅನ್ನುವ ಮಾತು. ಅಮೆರಿಕದ ಚಿತ್ರಕಥೆಗಾರರ ಸಂಘ 2007ರ ನವೆಂಬರ್ 5ರಂದು ಮುಷ್ಕರಕ್ಕೆ ಇಳಿಯಿತು. ಅದು ಮುಗಿದದ್ದು 2008ರ ಫೆಬ್ರವರಿ 12ಕ್ಕೆ. ಈ ಸಿನಿಮಾದ ಶೂಟಿಂಗ್ ಶುರುವಾದದ್ದು ಜನವರಿಯಲ್ಲಿ. ಅಂದರೆ ಬರೆಯುವವರು ಪೆನ್ನು ಕೆಳಗಿಟ್ಟಿದ್ದಾರೆ, ಕ್ಯಾಮೆರಾ ಓಡುತ್ತಿದೆ. ಚಿತ್ರಕಥೆಗಾರ ಪಾಲ್ ಹ್ಯಾಗಿಸ್ ಮುಷ್ಕರಕ್ಕೆ ಸ್ವಲ್ಪ ಮುಂಚೆ ಒಂದು ಪ್ರತಿ ಕೊಟ್ಟು ಹೋಗಿದ್ದರು. ಆಮೇಲೆ ಸೆಟ್‌ನಲ್ಲಿ ತಾನೂ ಫಾರ್ಸ್ಟರ್ ಅವರೂ ಕೂತು ದೃಶ್ಯಗಳನ್ನು ತಿದ್ದಿಕೊಂಡೆವು ಅಂತ ಕ್ರೇಗ್ ಅವರೇ ಮುಂದೆ ಸಂದರ್ಶನದಲ್ಲಿ ಹೇಳಿದರು. ಒಬ್ಬ ನಟ ತನ್ನ ಡೈಲಾಗ್ ತಾನೇ ಬರೆದುಕೊಂಡು ಕ್ಯಾಮೆರಾ ಮುಂದೆ ನಿಲ್ಲುವುದು ಎಷ್ಟು ಕಷ್ಟ, ಯೋಚನೆ ಮಾಡಿ. ಫೀಲ್ಡ್ಸ್ ಅನ್ನುವ ಹುಡುಗಿಯ ಪಾತ್ರ ಬಂದದ್ದೂ ಗೊತ್ತಾಗದೆ, ಹೋದದ್ದೂ ಗೊತ್ತಾಗದೆ ಮುಗಿಯುತ್ತದೆ. ಬಾಂಡ್‌ಗೆ ನೆರವಾಗಲು ಬಂದ ಹಳೇ ಗೂಢಚಾರ ಮ್ಯಾಥಿಸ್ ಸತ್ತ ಮೇಲೆ ಬಾಂಡ್ ಅವನ ದೇಹವನ್ನು ಕಸದ ತೊಟ್ಟಿಗೆ ಹಾಕುತ್ತಾನೆ. ನಮ್ಮಲ್ಲಿ ಇಬ್ಬರಿಗೆ ಇದು ಸಿನಿಮಾದ ತಪ್ಪು ಅನ್ನಿಸಿತು, ಒಬ್ಬರಿಗೆ ಬಾಂಡ್‌ನ ತಪ್ಪು ಅನ್ನಿಸಿತು.

ಆ ಒಬ್ಬರು ನಮ್ಮ ಗುಂಪಿನ ಹಿರಿಯರು. ಬ್ಯಾಂಕ್ ಕೆಲಸದಿಂದ ನಿವೃತ್ತರಾದವರು. ಬಾಂಡ್ ಕಥೆಗಳನ್ನು ಬರೆದ ಇಯಾನ್ ಫ್ಲೆಮಿಂಗ್ ಪುಸ್ತಕಗಳನ್ನೆಲ್ಲ ಓದಿದ್ದಾರೆ, ಅಣ್ಣಾವ್ರ ಸಿಐಡಿ 999 ಸಿನಿಮಾಗಳನ್ನು ಬಾಯಿಪಾಠ ಮಾಡಿದ್ದಾರೆ. ಅವರ ವಾದ ಕೇಳುವ ಹಾಗಿತ್ತು.

“ಹೆಸರು ಎಲ್ಲಿಂದ ಬಂತು ನೋಡಿ. ಇದು ಫ್ಲೆಮಿಂಗ್ ಬರೆದ ಒಂದು ಸಣ್ಣಕಥೆ. 1960ರ ಸಂಕಲನದಲ್ಲಿದೆ. ಅದರಲ್ಲಿ ಗುಂಡಿಲ್ಲ, ಬಾಂಬಿಲ್ಲ. ಊಟ ಆದ ಮೇಲೆ ಒಬ್ಬ ಗವರ್ನರ್ ಬಾಂಡ್‌ಗೆ ಒಂದು ಹಾಳಾದ ಮದುವೆಯ ಕಥೆ ಹೇಳುತ್ತಾನೆ. ಇಬ್ಬರ ನಡುವೆ ಒಂದು ಹಿಡಿಯಷ್ಟಾದರೂ ಸಮಾಧಾನ ಉಳಿದಿರಬೇಕು, ಅದು ಸೊನ್ನೆ ಆದರೆ ಸಂಬಂಧ ಸತ್ತ ಹಾಗೆ. ಆ ಹಿಡಿಯಷ್ಟು ಸಮಾಧಾನಕ್ಕೇ ಈ ಹೆಸರು. ಹಿಂದಿನ ಸಿನಿಮಾದಲ್ಲಿ ಬಾಂಡ್ ಪ್ರೀತಿಸಿದ ವೆಸ್ಪರ್ ಸತ್ತಿದ್ದಾಳೆ. ಇದು ಅಲ್ಲಿಂದಲೇ ಶುರು. ಇವನು ಇಡೀ ಸಿನಿಮಾ ಹುಡುಕುತ್ತಿರುವುದು ಆ ಒಂದು ಹಿಡಿಯನ್ನೇ.”

ಅವರು ಇದನ್ನು ಹೇಳಿದ ಮೇಲೆ ನಾವು ವಿಮಾನದ ದೃಶ್ಯವನ್ನು ಮತ್ತೆ ಹಾಕಿದೆವು. ರಾತ್ರಿ. ಎಲ್ಲರೂ ಮಲಗಿದ್ದಾರೆ. ಬಾಂಡ್ ಬಾರ್ ಮುಂದೆ ಕೂತಿದ್ದಾನೆ. ಏನು ಕುಡಿಯುತ್ತಿದ್ದೀಯ ಅಂತ ಮ್ಯಾಥಿಸ್ ಕೇಳಿದರೆ ಇವನಿಗೆ ಹೆಸರು ಬರುವುದಿಲ್ಲ. ಬಾರಿನವನು ಅದರಲ್ಲಿ ಏನೇನು ಹಾಕಿದ್ದೇನೆ ಅಂತ ಒಂದೊಂದಾಗಿ ಹೇಳುತ್ತಾನೆ. ಅದು ಹಿಂದಿನ ಸಿನಿಮಾದಲ್ಲಿ ಬಾಂಡ್ ವೆಸ್ಪರ್ ಹೆಸರಿಟ್ಟ ಡ್ರಿಂಕ್. ಇದು ಆರನೇ ಗ್ಲಾಸು. ಅವಳ ಹೆಸರು ಬಾಯಿಂದ ಬರುವುದಿಲ್ಲ, ಆದರೆ ಆರು ಗ್ಲಾಸು ಒಳಗೆ ಹೋಗಿದೆ. ಹಳೇ ಬಾಂಡ್ ಸಿನಿಮಾಗಳಲ್ಲಿ ಹೀಗೆ ಮುರಿದು ಕೂತ ಬಾಂಡ್ ಸಿಗುವುದು ತುಂಬಾ ಅಪರೂಪ. ಈ ಒಂದೂವರೆ ನಿಮಿಷವನ್ನು ಬೈಯುವವರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನನಗೆ ಅದು ಬೇಜಾರು.

[ಸ್ಟಿಲ್: ಸರೋವರದ ಮೇಲಿನ ರಂಗಮಂಚ, ದೊಡ್ಡ ಕಣ್ಣು]

ಇನ್ನೊಂದು ದೃಶ್ಯದ ಬಗ್ಗೆ ಮಾತ್ರ ಐದೂ ಜನರಿಗೆ ಒಂದೇ ಅಭಿಪ್ರಾಯ. ಆಸ್ಟ್ರಿಯಾದ ಬ್ರೆಗೆಂಜ್. ಅಲ್ಲಿ ಸರೋವರದ ನೀರಿನ ಮೇಲೆಯೇ ರಂಗಮಂಚ ಇದೆ. ನಿಜವಾದ ಜಾಗ. ಪುಚ್ಚಿನಿಯ ‘ಟೋಸ್ಕಾ’ ಒಪೆರಾ ನಡೆಯುತ್ತಿದೆ, ಹಿಂದೆ ಮನೆಯಷ್ಟು ಎತ್ತರದ ಒಂದು ಕಣ್ಣು. ಕ್ವಾಂಟಮ್ ಅನ್ನುವ ಗುಪ್ತ ಕೂಟದವರು ಪ್ರೇಕ್ಷಕರ ನಡುವೆ ಅಲ್ಲೊಬ್ಬ ಇಲ್ಲೊಬ್ಬ ಕೂತಿದ್ದಾರೆ. ಕಿವಿಯಲ್ಲಿ ಸಣ್ಣ ಯಂತ್ರ. ಹಾಡಿನ ಮರೆಯಲ್ಲಿ ಮೀಟಿಂಗ್ ನಡೆಸುತ್ತಿದ್ದಾರೆ.

ನಮ್ಮೂರಿನ ಹಾಗೆ ಹೇಳುವುದಾದರೆ, ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ ರಾಮನವಮಿ ಕಚೇರಿ. ಪೆಂಡಾಲ್ ತುಂಬಾ ಜನ. ಗಾಯಕರು ರಾಗ ಆಲಾಪನೆಯಲ್ಲಿದ್ದಾರೆ, ಎಲ್ಲರೂ ತಲೆದೂಗುತ್ತಿದ್ದಾರೆ. ಅವರಲ್ಲಿ ಹತ್ತು ಜನ ತಲೆದೂಗುತ್ತಲೇ ಒಂದು ದೇಶವನ್ನು ಹರಾಜು ಹಾಕುತ್ತಿದ್ದಾರೆ. ಪಕ್ಕದ ಕುರ್ಚಿಯವನಿಗೂ ಗೊತ್ತಿಲ್ಲ.

ಬಾಂಡ್ ಒಂದು ಕಿವಿಯಂತ್ರ ಕದಿಯುತ್ತಾನೆ. ಎಲ್ಲ ಕೇಳಿಸಿಕೊಂಡು, ನಡುವೆ ಬಾಯಿ ಹಾಕುತ್ತಾನೆ. ಸೇರಲು ಇದಕ್ಕಿಂತ ಒಳ್ಳೇ ಜಾಗ ನೋಡಿಕೊಳ್ಳಿ ಅನ್ನುವ ಅರ್ಥದ ಒಂದು ಮಾತು. ಅಷ್ಟಕ್ಕೇ ಅವರಿಗೆ ಗಾಬರಿ. ಒಬ್ಬೊಬ್ಬರೇ ಎದ್ದು ಹೊರಡುತ್ತಾರೆ. ಒಪೆರಾ ನಡುವೆ ಎದ್ದು ಹೋಗುವವರು ಯಾರು? ಅವರೇ ಕಳ್ಳರು. ಬಾಂಡ್ ಕೂತಲ್ಲಿಂದಲೇ ಫೋಟೋ ತೆಗೆಯುತ್ತಾನೆ. ಒಬ್ಬ ಮಾತ್ರ ಏಳುವುದಿಲ್ಲ. ಮಿಸ್ಟರ್ ವೈಟ್. ಅವನಿಗೆ ಅನುಭವ ಜಾಸ್ತಿ. ಸುಮ್ನೆ ಕೂತು ಸಂಗೀತ ಕೇಳುತ್ತಾನೆ.

ಆಮೇಲೆ ಗುಂಡಿನ ಕಾಳಗ. ಆದರೆ ಗುಂಡಿನ ಸದ್ದು ಕರಗಿ ಹೋಗಿ ಬರೀ ಟೋಸ್ಕಾ ಕೇಳುತ್ತದೆ. ಜನ ಓಡುತ್ತಾರೆ, ಗಾಜು ಒಡೆಯುತ್ತದೆ. ಇಲ್ಲಿ ಫಾರ್ಸ್ಟರ್ ಬೇರೆ ಯಾರ ಹಾಗೂ ಮಾಡಲು ಹೋಗಿಲ್ಲ. ಇದು ಅವರದ್ದೇ. ಎಡಿಟರ್ ಗೆಳೆಯ ಕೂಡ ಇಲ್ಲಿ ರಿಮೋಟ್ ಕೆಳಗಿಟ್ಟ.

[ಸ್ಟಿಲ್: ಮರುಭೂಮಿ]

ಈಗ ವಿಲನ್. ನಾನು ಈ ವಿಡಿಯೋ ಮಾಡುತ್ತಿರುವುದೇ ಇದಕ್ಕೆ.

ಡೊಮಿನಿಕ್ ಗ್ರೀನ್. ಪಾತ್ರ ಮಾಡಿದವರು ಫ್ರೆಂಚ್ ನಟ ಮಾಥ್ಯೂ ಅಮಾಲ್ರಿಕ್. ಗಿಡ್ಡ ಆಳು, ಅಗಲ ಕಣ್ಣು. ಮುಖದಲ್ಲಿ ಗಾಯದ ಗುರುತಿಲ್ಲ, ಲೋಹದ ಹಲ್ಲಿಲ್ಲ, ಮಡಿಲಲ್ಲಿ ಬೆಕ್ಕಿಲ್ಲ. ಮೇಕಪ್‌ನಲ್ಲಿ ಏನಾದರೂ ಮಾಡೋಣ ಅಂತ ನಟನೇ ಕೇಳಿದರೂ ಫಾರ್ಸ್ಟರ್ ಬೇಡ ಅಂದರಂತೆ. ಕೊನೇ ಫೈಟ್‌ನಲ್ಲಿ ಕೊಡಲಿ ಬೀಸಿ ತನ್ನ ಕಾಲಿಗೇ ಹೊಡೆದುಕೊಳ್ಳುತ್ತಾನೆ. ಇವನಿಗೆ ಹೆದರುವುದು ಹೇಗೆ ಅಂತ ಅಭಿಮಾನಿಗಳು ಕೇಳುತ್ತಾರೆ. ಅವನ ಯೋಜನೆ ಏನು? ಪ್ರಪಂಚ ಸುಡುವುದಿಲ್ಲ. ಉಪಗ್ರಹ ಹಾರಿಸುವುದಿಲ್ಲ. ಬೊಲಿವಿಯಾದ ನೀರು ಬೇಕು. ಅಷ್ಟೇ.

2008ರಲ್ಲಿ ಥಿಯೇಟರ್‌ನಲ್ಲಿ ನೋಡಿದಾಗ ನನಗೂ ಹಾಗೇ ಅನ್ನಿಸಿತ್ತು. ಬರೀ ನೀರಾ? ಅಂತ. ಆಗ ನಮ್ಮ ಮನೆ ನಲ್ಲಿ ತಿರುಗಿಸಿದರೆ ನೀರು ಬರುತ್ತಿತ್ತು. ನೀರು ಕಥೆಯಾಗಬಹುದು ಅಂತ ಗೊತ್ತೇ ಇರಲಿಲ್ಲ.

ಅವನು ಮಾಡುವುದನ್ನು ನಿಧಾನವಾಗಿ ನೋಡಿ. ಯಾರಿಗೂ ಬೇಡವಾದ ಮರುಭೂಮಿ ಜಾಗ ಕೊಳ್ಳುತ್ತಾನೆ. ಪರಿಸರ ಉಳಿಸುವ ಸಂಸ್ಥೆಯ ಹೆಸರು, ವೇದಿಕೆ ಮೇಲೆ ಭಾಷಣ. ಅಮೆರಿಕದ ಸಿಐಎ ಅಲ್ಲಿ ಎಣ್ಣೆ ಇದೆ ಅಂದುಕೊಂಡು ಇವನ ಬೆನ್ನಿಗೆ ನಿಲ್ಲುತ್ತದೆ. ಇವನು ನೆಲದ ಕೆಳಗೆ ಅಣೆಕಟ್ಟು ಕಟ್ಟಿ ಹರಿಯುವ ನೀರನ್ನು ತಡೆಯುತ್ತಾನೆ. ಮೇಲಿನ ಊರುಗಳು ಒಣಗುತ್ತವೆ. ಬರ ಅಂತ ಜನ ಅಂದುಕೊಳ್ಳುತ್ತಾರೆ. ಕೊನೆಗೆ ಹೊಸದಾಗಿ ಪಟ್ಟಕ್ಕೆ ಬರಲಿರುವ ಜನರಲ್ ಮುಂದೆ ಒಂದು ಕಾಗದ ಇಡುತ್ತಾನೆ. ದೇಶದ ಅರ್ಧಕ್ಕಿಂತ ಜಾಸ್ತಿ ನೀರು ಈಗ ನಮ್ಮ ಕೈಯಲ್ಲಿ, ಇನ್ನು ಮುಂದೆ ನೀರು ನಮ್ಮಿಂದಲೇ ಕೊಳ್ಳಬೇಕು, ಬೆಲೆ ಇಷ್ಟು. ಸಹಿ ಹಾಕದಿದ್ದರೆ ನಿನ್ನ ಜಾಗಕ್ಕೆ ಬೇರೆಯವನು ಸಿದ್ಧ. ಇದನ್ನೆಲ್ಲ ಅವನು ದನಿ ಎತ್ತದೆ ಹೇಳುತ್ತಾನೆ. ಅವನ ಆಯುಧ ಆ ಕಾಗದ.

ಇದು ಬರೀ ಕಲ್ಪನೆಯಲ್ಲ. ಬೊಲಿವಿಯಾದ ಕೊಚಬಾಂಬಾ ಊರಿನ ನೀರು ಸರಬರಾಜನ್ನು 1999ರಲ್ಲಿ ಒಂದು ಖಾಸಗಿ ಒಕ್ಕೂಟಕ್ಕೆ ಕೊಟ್ಟರು. ನೀರಿನ ಬಿಲ್ಲು ವಿಪರೀತ ಏರಿತು. ಸೂರಿನ ಮೇಲೆ ಬಿದ್ದ ಮಳೆ ನೀರಿಗೂ ಲೈಸೆನ್ಸ್ ಕೇಳಬಹುದು ಅಂತ ಜನ ಹೆದರಿದರು. ಬೀದಿಗೆ ಇಳಿದರು. ಗೋಲಿಬಾರ್‌ನಲ್ಲಿ 17 ವರ್ಷದ ಹುಡುಗ ಸತ್ತ. 2000ದ ಏಪ್ರಿಲ್‌ನಲ್ಲಿ ಒಪ್ಪಂದ ರದ್ದಾಯಿತು. ಬೆಂಗಳೂರಿನಲ್ಲಿ 2009ರಿಂದ ದೊಡ್ಡ ಸೈಟಿನ ಮನೆಗಳವರು ಮಳೆ ನೀರು ಹಿಡಿಯಲೇಬೇಕು ಅಂತ ಕಾನೂನು ಇದೆ. ಅಲ್ಲಿ ಅದೇ ಮಳೆ ನೀರಿಗೆ ಹೀಗೊಂದು ಹೆದರಿಕೆ.

[ಬೆಂಗಳೂರಿನ ದೃಶ್ಯಗಳು: ಖಾಲಿ ಬಿಂದಿಗೆಗಳ ಸಾಲು, ಟ್ಯಾಂಕರ್]

ಈಗ ನಮ್ಮ ಸಂಪಿನ ವಿಷಯಕ್ಕೆ ಬರುತ್ತೇನೆ. ಈ ಊರಿಗೆ ಕಾವೇರಿ ಬರುವುದು ಸುಮಾರು 100 ಕಿಲೋಮೀಟರ್ ದೂರದಿಂದ. ತೊರೆಕಾಡನಹಳ್ಳಿಯಿಂದ ಪಂಪ್ ಮಾಡಿ ಸುಮಾರು 500 ಮೀಟರ್ ಮೇಲಕ್ಕೆ ಎತ್ತಬೇಕು. ಆ ಪೈಪು ತಲುಪದ ಕಡೆ ಬೋರ್‌ವೆಲ್ಲೇ ಗತಿ. 2024ರ ಬೇಸಿಗೆಯಲ್ಲಿ ಸಾವಿರಾರು ಬೋರ್‌ವೆಲ್ ಬತ್ತಿದವು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿತು. ಟ್ಯಾಂಕರ್ ಬೆಲೆ ಹದ್ದು ಮೀರಿದಾಗ ಜಿಲ್ಲಾಡಳಿತ ದರ ಕಟ್ಟಿತು. ಐದು ಕಿಲೋಮೀಟರ್ ಒಳಗೆ 12,000 ಲೀಟರ್‌ಗೆ 1,000 ರೂಪಾಯಿ.

ನಮ್ಮ ಬಿಲ್ಡಿಂಗ್‌ಗೆ ಬರುತ್ತಿದ್ದವರು ಆ ದರಕ್ಕೆ ಒಂದು ದಿನವೂ ಕೊಡಲಿಲ್ಲ. ಫೆಬ್ರವರಿಯಲ್ಲಿ ಕೊಡುತ್ತಿದ್ದದ್ದರ ಎರಡರಷ್ಟು ಕೇಳಿದರು. ಕಟ್ಟಿದ ದರದ ಮಾತು ಅಮ್ಮ ಎತ್ತಿದ್ದಕ್ಕೆ, “ಬೇಡ ಅಂದ್ರೆ ಹೇಳಿ, ಮುಂದಿನ ರೋಡಿನವರು ಕಾಯ್ತಿದ್ದಾರೆ” ಅಂದರು. ಕೂಗಾಡಲಿಲ್ಲ. ಮರ್ಯಾದೆಯಿಂದಲೇ ಹೇಳಿದರು. ಅಮ್ಮ ಕೋಲು ಒರೆಸಿ, ಪರ್ಸ್ ತೆಗೆದರು.

ಹಾಗಾಗಿ ಆ ಭಾನುವಾರ ಗ್ರೀನ್ ಕಾಗದ ಮುಂದಿಟ್ಟಾಗ ನಮ್ಮ ಹಾಲ್‌ನಲ್ಲಿ ಯಾರೂ ಮಾತಾಡಲಿಲ್ಲ. ಆ ದನಿ ನಮಗೆ ಗೊತ್ತಿತ್ತು. ಹಿರಿಯರು ಆಮೇಲೆ ಒಂದು ಮಾತು ಹೇಳಿದರು. 1968ರ ‘ಜೇಡರ ಬಲೆ’ಯಲ್ಲಿ ದುಷ್ಟರಿಗೆ ಬೇಕಿದ್ದದ್ದು ಲೋಹವನ್ನು ಚಿನ್ನ ಮಾಡುವ ಸೂತ್ರ. ದೊರೈ-ಭಗವಾನ್ ಮಾಡಿದ ಕಪ್ಪು ಬಿಳುಪಿನ ಸಿನಿಮಾ. ರಾಜ್‌ಕುಮಾರ್ ಸಿಐಡಿ 999 ಆಗಿ ಬಂದರೆ ಸೀಟಿ ಮೇಲೆ ಸೀಟಿ ಬೀಳುತ್ತಿತ್ತಂತೆ. “ಆಗ ಚಿನ್ನ ಅಂದರೆ ಎಲ್ಲರ ಬಾಯಲ್ಲೂ ನೀರೂರುತ್ತಿತ್ತು. ಈಗ ನೀರಿಗೇ ಆ ಬೆಲೆ ಬಂತು” ಅಂದರು. ಫೀಲ್ಡ್ಸ್ ಸತ್ತಾಗ ಅವಳ ಮೈತುಂಬಾ ಕಪ್ಪು ಎಣ್ಣೆ ಬಳಿದಿರುತ್ತಾರಲ್ಲ, ಅದು 1964ರ ‘ಗೋಲ್ಡ್‌ಫಿಂಗರ್’ನಲ್ಲಿ ಚಿನ್ನ ಬಳಿದ ಹುಡುಗಿಯ ನೆನಪು. ಅಲ್ಲಿ ಚಿನ್ನ, ಇಲ್ಲಿ ಎಣ್ಣೆ. ಎರಡನ್ನೂ ತೋರಿಸಿ, ನೋಡುವವರ ಕಣ್ಣನ್ನು ನೀರಿನಿಂದ ಬೇರೆ ಕಡೆ ತಿರುಗಿಸುತ್ತಾರೆ. ಇದು ಜಾಣತನದ ಬರವಣಿಗೆ. ಮುಷ್ಕರ ಇದ್ದರೂ ಇಷ್ಟು ಉಳಿದಿದೆ.

ಅಮಾಲ್ರಿಕ್ ಮುಖಕ್ಕೆ ಮೇಕಪ್ ಬೇಡ ಅಂದದ್ದು ಸರಿ ಅನ್ನಿಸಿದ್ದೂ ಆಗಲೇ. ನೀರಿನ ಬೆಲೆ ಏರಿಸುವವನ ಮುಖದಲ್ಲಿ ಗುರುತು ಇರುವುದಿಲ್ಲ. ಅವನು ಸಾಮಾನ್ಯ ಮನುಷ್ಯನ ಹಾಗೇ ಇರುತ್ತಾನೆ.

ಹಾಗಾದರೆ ಸಿನಿಮಾದ ದೊಡ್ಡ ತಪ್ಪು ಏನು? ನನ್ನ ಪ್ರಕಾರ ಕಟಿಂಗ್ ಅಲ್ಲ, ಮುಷ್ಕರವೂ ಅಲ್ಲ. ತನ್ನ ಕೈಯಲ್ಲಿ ಎಂಥ ಕಥೆ ಇದೆ ಅಂತ ಸಿನಿಮಾಕ್ಕೇ ನಂಬಿಕೆ ಇಲ್ಲ. ಬಾಂಡ್ ಮತ್ತು ಆ ಜನರಲ್ ಮೇಲೆ ಸೇಡು ತೀರಿಸಿಕೊಳ್ಳಲು ಬಂದ ಕಮಿಲ್ ನೆಲದ ಕೆಳಗಿನ ಅಣೆಕಟ್ಟು ನೋಡಿ ಮೇಲೆ ಬರುತ್ತಾರೆ. ಒಂದು ಹಳ್ಳಿ. ಜನ ಪಾತ್ರೆ ಹಿಡಿದು ನಿಂತಿದ್ದಾರೆ. ನೀರು ಹನಿ ಹನಿಯಾಗಿ ನಿಂತು ಹೋಗುತ್ತದೆ. ಮುಖಗಳು. ಅಷ್ಟೇ, ಕಟ್. ಕಾರ್ ಚೇಸ್‌ಗೆ ಅಷ್ಟೊಂದು ನಿಮಿಷ ಕೊಟ್ಟವರು ಆ ಹಳ್ಳಿಗೆ ಕೆಲವು ಸೆಕೆಂಡ್ ಕೊಟ್ಟಿದ್ದಾರೆ. ಯಾರಿಗೂ ಹೆಸರಿಲ್ಲ, ಒಂದು ಮಾತಿಲ್ಲ. ಶೂಟಿಂಗ್ ನಡೆದದ್ದು ಚಿಲಿಯ ಅಟಕಾಮಾ ಮರುಭೂಮಿಯಲ್ಲಿ. ಪ್ರಪಂಚದಲ್ಲೇ ತುಂಬಾ ಒಣಗಿದ ಜಾಗಗಳಲ್ಲಿ ಒಂದು. ಕೊನೇ ಬೆಂಕಿಯ ಹೋಟೆಲು ಅಂತ ತೋರಿಸಿದ್ದು ಅಲ್ಲಿನ ಪರನಾಲ್ ವೀಕ್ಷಣಾಲಯದ ವಿಜ್ಞಾನಿಗಳ ವಸತಿಗೃಹ. ಅಷ್ಟು ದೂರ ಹೋಗಿ, ಅಂಥ ನೆಲದಲ್ಲಿ ನಿಂತು, ಬಾಯಾರಿಕೆಯನ್ನು ತೋರಿಸಲಿಲ್ಲ.

ಈ ಮಾತಿಗೆ ಎಡಿಟರ್ ಗೆಳೆಯ ಒಪ್ಪಲಿಲ್ಲ. ಬಾಂಡ್ ಸಿನಿಮಾಕ್ಕೆ ಬರುವವರು ಹಳ್ಳಿ ನೋಡಲು ಬರಲ್ಲ ಅಂದ. ಹಿರಿಯರು, ಗ್ರೀನ್ ಸಾಯುವ ರೀತಿಯಲ್ಲೇ ಉತ್ತರ ಇದೆಯಲ್ಲ ಅಂದರು. ಬಾಂಡ್ ಅವನನ್ನು ಮರುಭೂಮಿ ನಡುವೆ ಬಿಟ್ಟು, ಕೈಗೆ ಒಂದು ಡಬ್ಬ ಎಂಜಿನ್ ಆಯಿಲ್ ಕೊಟ್ಟು ಹೋಗುತ್ತಾನೆ. ಮುಂದೆ ಹೆಣ ಸಿಕ್ಕಾಗ ತಲೆ ಹಿಂದೆ ಎರಡು ಗುಂಡು, ಹೊಟ್ಟೆಯಲ್ಲಿ ಅದೇ ಆಯಿಲ್. ನೀರು ಕದ್ದವನು ಸಾಯುವ ಮುಂಚೆ ಬಾಯಾರಿ ಆಯಿಲ್ ಕುಡಿದ. ನ್ಯಾಯ ಆಯಿತಲ್ಲ ಅನ್ನುವುದು ಅವರ ಲೆಕ್ಕ.

ಅಮ್ಮ ಅಷ್ಟು ಹೊತ್ತು ಊಟದ ಟೇಬಲ್ ಹತ್ತಿರ ಕೂತು ಸೊಪ್ಪು ಬಿಡಿಸುತ್ತಾ ನೋಡುತ್ತಿದ್ದರು. ಬಾಂಡ್ ಯಾರು, ವೆಸ್ಪರ್ ಯಾರು ಅನ್ನುವುದು ಅವರಿಗೆ ಬೇಕಾಗಿರಲಿಲ್ಲ. ಅವರು ಕೇಳಿದ್ದು ಒಂದೇ.

“ಅವನು ಸತ್ತ ಸರಿ. ಆ ಊರಿಗೆ ನೀರು ಬಂತಾ?”

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದೆವು. ಬಂದಿರಬೇಕು ಅಂದೆವು. ಅಮ್ಮ ಬಿಡಲಿಲ್ಲ. ಎಡಿಟರ್ ಗೆಳೆಯ ಮತ್ತೆ ರಿಮೋಟ್ ತೆಗೆದುಕೊಂಡ. ಹೋಟೆಲು ಉರಿಯುವುದರಿಂದ ಕೊನೆಯವರೆಗೆ ಹಾಕಿದ. ಹೋಟೆಲು ಉರಿಯಿತು. ಜನರಲ್ ಸತ್ತ. ಗ್ರೀನ್ ಮರುಭೂಮಿಯಲ್ಲಿ ಉಳಿದ. ಕಮಿಲ್ ಬಾಂಡ್‌ಗೆ ಮುತ್ತು ಕೊಟ್ಟು ಇಳಿದು ಹೋದಳು. ಆಮೇಲೆ ರಷ್ಯಾದ ಕಜಾನ್. ರಾತ್ರಿ, ಹಿಮ ಬೀಳುತ್ತಿದೆ. ಬಾಂಡ್ ವೆಸ್ಪರ್‌ನ ಸರವನ್ನು ಹಿಮದ ಮೇಲೆ ಬಿಟ್ಟು ನಡೆದು ಹೋಗುತ್ತಾನೆ.

ಅಣೆಕಟ್ಟು ಒಡೆದದ್ದನ್ನು ಎಲ್ಲೂ ತೋರಿಸಲಿಲ್ಲ. ಆ ಹಳ್ಳಿ ಮತ್ತೆ ಬರಲಿಲ್ಲ. ಅಮ್ಮ ಪರದೆ ಮೇಲಿನ ಹಿಮವನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಟ್ಯಾಂಕರ್‌ನವರಿಗೆ ಫೋನ್ ಮಾಡಲು ಎದ್ದು ಹೋದರು.

[ಪರದೆ ಕಪ್ಪು. ಫೋನ್ ರಿಂಗ್ ಆಗುವ ಸದ್ದು.]